ಹಲಗೆಯ ಕೆಳಗಿನ ಎಡಮೂಲೆ

ಇಂಗ್ಲೆಂಡಿನ ಡರ್ಬಿಷೈರಿನಲ್ಲಿರುವ ನಮ್ಮ ಮನೆಯ ಬೀಗದ ಕೈಯನ್ನು ಹೊಸ ಮಾಲೀಕರಿಗೆ ಒಪ್ಪಿಸಿ ನಾನು ಶಿವಮೊಗ್ಗಕ್ಕೆ ಮರಳಿ ಮೂರು ವಾರಗಳಾದವು. 2025ರ ಆಗಸ್ಟ್‌ನಲ್ಲಿ ಅಮ್ಮ ತೀರಿಕೊಂಡಾಗಿನಿಂದ ಫೋನ್ ಮಾಡಿದವರು, ಪತ್ರ ಬರೆದವರು, ಮನೆಗೇ ಬಂದು ಕುಳಿತು ಹೋದವರು ಬಹಳ ಮಂದಿ. ಎಲ್ಲರಿಗೂ ಆಗ ಸರಿಯಾಗಿ ಉತ್ತರಿಸಲು ನನ್ನಿಂದ ಆಗಲಿಲ್ಲ. ಹಾಗೆ ಬಂದವರಲ್ಲಿ ಕೆಲವರು, ಪ್ರೀತಿಯಿಂದಲೇ, ಒಂದು ಮಾತು ಆಡಿದ್ದರು: "ಪಾಪ, ನಮ್ಮವರು ಅನ್ನುವವರು ಒಬ್ಬರೂ ಇಲ್ಲದ ಊರಿನಲ್ಲಿ ಹೋಗಿಬಿಟ್ಟಳಲ್ಲ." ಆ ಮಾತಿಗೆ ಅಂದು ನಾನು ಸುಮ್ಮನೆ ತಲೆಯಾಡಿಸಿದೆ. ತಲೆಯಾಡಿಸಿದ್ದು ತಪ್ಪಾಯಿತು ಎಂದು ಆಮೇಲೆ ಅನ್ನಿಸುತ್ತಲೇ ಇದೆ. ಊರಿನವರಿಗೆ ಇಂಗ್ಲಿಷಿನಲ್ಲಿ ಒಂದು ಪುಟದ ಪತ್ರ ಬರೆದು ಅಲ್ಲಿಯ ಸಭಾಭವನದ ಬೋರ್ಡಿಗೆ ಹಚ್ಚಿ ಬಂದಿದ್ದೇನೆ. ಆದರೆ ಅವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ನಮ್ಮ ಜನರ ಎದುರಿಗೆ, ನಮ್ಮ ಮಾತಿನಲ್ಲಿ ಹೇಳದಿದ್ದರೆ ಅರ್ಧ ಸಾಲ ಉಳಿದುಹೋಗುತ್ತದೆ.

ಅಪ್ಪ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿ 1970ರಲ್ಲಿ ಇಂಗ್ಲೆಂಡಿಗೆ ಹೋದರು. 1948ರಲ್ಲಿ ಆರಂಭವಾದ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಗೆ ಆ ಕಾಲದಲ್ಲಿ ವೈದ್ಯರ ಕೊರತೆಯಿತ್ತು. ಅವರದೇ ವೈದ್ಯರು ಅನೇಕರು ಕೆನಡಾ, ಆಸ್ಟ್ರೇಲಿಯಾಗಳಿಗೆ ಹೊರಟುಹೋಗಿದ್ದರು. ಉಳಿದವರಲ್ಲಿ ಗಣಿಯ ಊರುಗಳಿಗೂ ಹಳ್ಳಿಗಳಿಗೂ ಹೋಗಲು ಮನಸ್ಸಿದ್ದವರು ಕಡಿಮೆ. ಆ ಖಾಲಿ ಜಾಗಗಳನ್ನು ತುಂಬಿದವರಲ್ಲಿ ಭಾರತ ಮತ್ತು ಪಾಕಿಸ್ತಾನಗಳಿಂದ ಹೋದವರೇ ಹೆಚ್ಚು, ಅಪ್ಪನೂ ಅವರಲ್ಲಿ ಒಬ್ಬರು. ಬೇಕ್‌ವೆಲ್ ಪಟ್ಟಣಕ್ಕೆ ನಾಲ್ಕೈದು ಮೈಲಿ ದೂರದ ಒಂದು ಹಳ್ಳಿಯಲ್ಲಿ ಅವರಿಗೆ ಕೆಲಸ ಸಿಕ್ಕಿದ ಮೇಲೆ, 1972ರ ಮಾರ್ಚಿನಲ್ಲಿ ಅಮ್ಮ, ಏಳು ವರ್ಷದ ನಾನು ಮತ್ತು ಮೂರು ವರ್ಷದ ತಮ್ಮ ಅಲ್ಲಿಗೆ ಹೋಗಿ ಸೇರಿದೆವು.

ಹಳ್ಳಿ ಎಂದರೆ ಪೂರ್ತಿ ಹಳ್ಳಿಯೂ ಅಲ್ಲ. ಅರ್ಧ ಜನ ದನ, ಕುರಿ ಸಾಕುವವರು. ಇನ್ನರ್ಧ ಸುಣ್ಣಕಲ್ಲಿನ ಕ್ವಾರಿಯಲ್ಲೋ ಪಟ್ಟಣದ ಅಂಗಡಿ, ಕಚೇರಿಗಳಲ್ಲೋ ದುಡಿಯುವವರು. ಒಂದು ಚರ್ಚು, ಎರಡೇ ಕೋಣೆಯ ಶಾಲೆ, ಒಂದು ಪಬ್ಬು, ಅಂಚೆ ಕಚೇರಿಯೂ ದಿನಸಿ ಅಂಗಡಿಯೂ ಒಂದೇ ಆಗಿದ್ದ ಒಂದು ಮಳಿಗೆ. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಬೇಲಿಗೋಡೆಗಳು ಗುಡ್ಡದ ನೆತ್ತಿಯವರೆಗೂ ಹತ್ತಿ ಹೋಗುತ್ತಿದ್ದವು. ಮಧ್ಯಾಹ್ನ ಕ್ವಾರಿಯಲ್ಲಿ ಮದ್ದು ಸಿಡಿಸಿದಾಗ ನಮ್ಮ ಅಡುಗೆಮನೆಯ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಆ ಸದ್ದಿಗೆ ಸರಿಯಾಗಿ ಅಮ್ಮ ರಾತ್ರಿಯ ಅಕ್ಕಿ ನೆನೆಹಾಕುತ್ತಿದ್ದಳು. ಭಾನುವಾರ ಸಿಡಿತ ಇಲ್ಲದ್ದರಿಂದ ಅಕ್ಕಿಯೂ ಮರೆತುಹೋಗುತ್ತಿತ್ತು.

ಭಾಷೆಯ ಪಾಡು ಬೇರೆ. ಅಪ್ಪನಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು, ಆದರೆ ಅದು ಪುಸ್ತಕದ ಇಂಗ್ಲಿಷು. ಮೊದಲ ಚಳಿಗಾಲದಲ್ಲಿ ಒಬ್ಬ ಮುದುಕ ಬಂದು ತಾನು "ಸ್ಟಾರ್ವ್ಡ್" ಆಗಿದ್ದೇನೆ ಎಂದಾಗ, ಹಸಿದು ಬಂದಿದ್ದಾನೆಂದು ಅಪ್ಪ ಅವನಿಗೆ ಬಿಸ್ಕತ್ತು ತರಿಸಿದರಂತೆ. ಆ ಸೀಮೆಯಲ್ಲಿ ಆ ಮಾತಿಗೆ ಚಳಿಯಿಂದ ಮರಗಟ್ಟಿದ್ದೇನೆ ಎಂದು ಅರ್ಥ. ಚಳಿ ತಡೆಯದವರನ್ನು "ನೆಶ್" ಎನ್ನುತ್ತಾರೆ, ಮುಖ ಊದಿಸಿಕೊಂಡ ಮಕ್ಕಳನ್ನು "ಮಾರ್ಡಿ" ಎನ್ನುತ್ತಾರೆ, ಚಹಾವನ್ನು ಕುದಿಸುವುದಿಲ್ಲ, "ಮ್ಯಾಶ್" ಮಾಡುತ್ತಾರೆ. ಹೆಂಗಸರು ಗಂಡಸರೆನ್ನದೆ ಎದುರಿಗೆ ಸಿಕ್ಕವರನ್ನೆಲ್ಲ "ಮಿ ಡಕ್" ಎಂದು ಕರೆಯುತ್ತಾರೆ. ಡಾಕ್ಟರಾದ ತನ್ನ ಗಂಡನನ್ನು ಯಾರೋ ಬಾತುಕೋಳಿ ಎಂದರೆಂದು ಅಮ್ಮನಿಗೆ ಎರಡು ದಿನ ಸಿಟ್ಟಿತ್ತು. ನಮ್ಮ ಕಡೆಯಲ್ಲಿ "ಮಾರಾಯ" ಎನ್ನುವುದಿಲ್ಲವೇ, ಅದೇ ಇದು ಎಂದು ಅಪ್ಪ ಸಮಾಧಾನ ಹೇಳಿದ ಮೇಲೆ ಕೋಪ ಇಳಿಯಿತು. ಕೊನೆಯ ವರ್ಷಗಳಲ್ಲಿ ಅವಳು ಫೋನಿನಲ್ಲಿ ನನ್ನನ್ನೇ "ಮಿ ಡಕ್" ಎನ್ನುತ್ತಿದ್ದಳು.

ಅಕ್ಕಪಕ್ಕದವರು ನಮ್ಮನ್ನು ಚೆನ್ನಾಗಿ ನೋಡಿಕೊಂಡರು ಎಂದಷ್ಟೇ ಹೇಳಿದರೆ ನಾನು ಹೇಳಬೇಕಾದ್ದನ್ನು ಹೇಳಿದಂತಾಗುವುದಿಲ್ಲ. ಹೊಸದಾಗಿ ಬಂದವರಿಗೆ ಹಳೆಯ ಕೋಟು, ಒಂದು ಡಬ್ಬಿ ಬಿಸ್ಕತ್ತು ಕೊಡುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಆ ಊರಿನವರು ಕೊಟ್ಟರು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ನಮ್ಮಿಂದ ಕೇಳಿದರು. ಮೊದಲ ವರ್ಷದ ಶರತ್ಕಾಲದಲ್ಲಿ ಚರ್ಚಿನ ಸುಗ್ಗಿಹಬ್ಬಕ್ಕೆ ಶಾಲೆಯ ಮಕ್ಕಳೆಲ್ಲ ಮನೆಯಲ್ಲಿ ಬೆಳೆದದ್ದನ್ನು ತರಬೇಕೆಂದು ಹೇಳಿದ್ದರು. ನಮ್ಮಲ್ಲಿ ಬೆಳೆದದ್ದು ಏನೂ ಇರಲಿಲ್ಲ. ಅಮ್ಮ ಒಂದು ಬಾಟಲಿ ನಿಂಬೆಹಣ್ಣಿನ ಉಪ್ಪಿನಕಾಯಿಗೆ ಬಟ್ಟೆಯ ಮುಚ್ಚಳ ಕಟ್ಟಿ ನನ್ನ ಕೈಗೆ ಕೊಟ್ಟಳು. ಕುಂಬಳ, ಸೇಬು, ಎಲೆಕೋಸುಗಳ ನಡುವೆ ಆ ಎಣ್ಣೆಬಾಟಲಿಯನ್ನು ಇಡುವಾಗ ನನಗೆ ನಾಚಿಕೆಯಿಂದ ಅಳು ಬಂದಿತ್ತು. ಪ್ರಾರ್ಥನೆಯ ಮರುದಿನ ಅವನ್ನೆಲ್ಲ ಸಭಾಭವನದಲ್ಲಿ ಹರಾಜು ಹಾಕುವ ರೂಢಿ. ನಮ್ಮ ಬಾಟಲಿಯನ್ನು ಕುರಿ ಸಾಕುವ ಒಬ್ಬ ರೈತ ಹತ್ತು ಪೆನ್ನಿಗೆ ತೆಗೆದುಕೊಂಡ. ಮರುವರ್ಷ ಸೆಪ್ಟೆಂಬರ್ ಹೊತ್ತಿಗೆ ಅವನ ಹೆಂಡತಿ ಬಾಗಿಲಿಗೆ ಬಂದು, ಈ ಸಲ ಎರಡು ಬಾಟಲಿ ಮಾಡಲು ಆಗುತ್ತದೆಯೇ ಎಂದು ಅಮ್ಮನನ್ನು ಕೇಳಿದಳು. ಅಮ್ಮ ಒಳಗೆ ಬಂದು ಅಪ್ಪನಿಗೆ ಅದನ್ನು ಹೇಳಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಕೈಯಲ್ಲಿ ಸೌಟು, ಮುಖದಲ್ಲಿ ಗಂಭೀರ, ಸರ್ಕಾರದ ಆದೇಶ ಬಂದವರ ಹಾಗೆ. ಇಂಗ್ಲೆಂಡಿಗೆ ಬಂದ ಹದಿನೆಂಟು ತಿಂಗಳಲ್ಲಿ ಅವಳಿಂದ ಆಗಬೇಕಾದ ಕೆಲಸವೊಂದು ಇದೆ ಎಂದು ಹೊರಗಿನವರು ಹೇಳಿದ್ದು ಅದೇ ಮೊದಲು.

ಆ ನಂತರ ಬಂದದ್ದು ಬಾವಿಯ ಅಲಂಕಾರ. ಡರ್ಬಿಷೈರಿನ ಸುಣ್ಣಕಲ್ಲಿನ ಸೀಮೆಯಲ್ಲಿ ಮಳೆಯ ನೀರು ನೆಲದ ಮೇಲೆ ನಿಲ್ಲುವುದಿಲ್ಲ, ಕಲ್ಲಿನ ಸಂದುಗಳಲ್ಲಿ ಇಳಿದು ಮಾಯವಾಗುತ್ತದೆ. ಹಾಗಾಗಿ ಬತ್ತದ ಒಂದು ಬಾವಿ ಅಥವಾ ಊಟೆ ಇದ್ದರೆ ಅದೇ ಊರಿನ ಜೀವ. ವರ್ಷಕ್ಕೊಮ್ಮೆ, ಬೇಸಿಗೆಯ ದಿನಗಳಲ್ಲಿ, ಆ ನೀರಿಗೆ ಕೃತಜ್ಞತೆಯಾಗಿ ಹೂವಿನ ಚಿತ್ರದ ದೊಡ್ಡ ಹಲಗೆಗಳನ್ನು ಬಾವಿಯ ಮುಂದೆ ನಿಲ್ಲಿಸುತ್ತಾರೆ. ಟಿಸ್ಸಿಂಗ್ಟನ್ ಎಂಬ ಹಳ್ಳಿಯ ಅಲಂಕಾರ ಎಲ್ಲಕ್ಕಿಂತ ಹೆಸರುವಾಸಿ. ಸುತ್ತಲಿನ ಊರುಗಳು ಸಾವಿನ ಮನೆಯಾಗಿದ್ದ ಹದಿನಾಲ್ಕನೆಯ ಶತಮಾನದ ಮಹಾಮಾರಿಯಲ್ಲಿ ತಮ್ಮನ್ನು ಕಾಪಾಡಿದ್ದು ಈ ನೀರು ಎಂದು ಅಲ್ಲಿ ಕೆಲವರು ಹೇಳಿದರೆ, 1615ರ ಬರದಲ್ಲಿ ತಮ್ಮ ಬಾವಿಗಳು ಬತ್ತದೆ ಉಳಿದವು ಎಂದು ಇನ್ನು ಕೆಲವರು ಹೇಳುತ್ತಾರೆ. ಅಮ್ಮನಿಗೆ ಈ ವಿವರಣೆಗಳು ಬೇಕಿರಲಿಲ್ಲ. "ಗಂಗೆಪೂಜೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಕೆಲಸ ಹೀಗೆ ನಡೆಯುತ್ತದೆ. ಮರದ ಹಲಗೆಗಳು ಒಣಗಿದ್ದರೆ ಮಣ್ಣಿನ ತೇವವನ್ನು ಹೀರಿಬಿಡುತ್ತವೆಂದು ಅವನ್ನು ಮೊದಲು ಕೆಲವು ದಿನ ಕೆರೆಯಲ್ಲಿ ಮುಳುಗಿಸಿಡುತ್ತಾರೆ. ಜೇಡಿಮಣ್ಣಿಗೆ ನೀರು, ಉಪ್ಪು ಸೇರಿಸಿ ತುಳಿಯುತ್ತಾರೆ. ತುಳಿಯುವುದು ಮಕ್ಕಳ ಪಾಲು. ಮೊಳಕಾಲವರೆಗೆ ಮಣ್ಣು ಮೆತ್ತಿಕೊಂಡು ತುಳಿಯುತ್ತಿದ್ದ ನನ್ನನ್ನು ನೋಡಿ ಅಮ್ಮ, ತನ್ನ ಅಜ್ಜನ ಮನೆಯ ಗೋಡೆಗೂ ಹೀಗೆಯೇ ಮಣ್ಣು ತುಳಿದದ್ದುಂಟು, ಉಪ್ಪು ಮಾತ್ರ ಹಾಕಿರಲಿಲ್ಲ ಎಂದಳು. ಹದವಾದ ಮಣ್ಣನ್ನು ಹಲಗೆಯ ಮೇಲೆ ಒಂದಂಗುಲದಷ್ಟು ಮೆತ್ತಿ, ಅದರ ಮೇಲೆ ಚಿತ್ರ ಬರೆದ ಕಾಗದ ಹಾಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಕಾಗದ ತೆಗೆದರೆ ಮಣ್ಣಿನ ಮೇಲೆ ಚುಕ್ಕೆಗಳು ಉಳಿದಿರುತ್ತವೆ. ಚುಕ್ಕೆಗಳನ್ನು ಕಂಡ ಕೂಡಲೇ ಅಮ್ಮನ ಬೆರಳು ತಾನಾಗಿ ಚಡಪಡಿಸಿತು ಎಂದು ಬೇರೆ ಹೇಳಬೇಕಾಗಿಲ್ಲ. ಆ ಗೆರೆಗಳಿಗೆ ಆಲ್ಡರ್ ಮರದ ಕಪ್ಪು ಕಾಯಿಗಳನ್ನು ಒತ್ತಿ, ಒಳಗಿನ ಜಾಗಕ್ಕೆ ಪಾಚಿ, ಕಲ್ಲುಹೂವು, ಎಲೆ, ಕೊನೆಗೆ ಎಸಳುಗಳನ್ನು ತುಂಬುತ್ತಾರೆ. ಎಸಳುಗಳನ್ನು ಕೆಳಗಿನಿಂದ ಶುರುಮಾಡಿ, ಒಂದರ ಮೇಲೊಂದು ಅರ್ಧ ಬರುವಂತೆ ಮೇಲಕ್ಕೆ ಕೂರಿಸುತ್ತಾ ಹೋಗಬೇಕು, ಇಲ್ಲದಿದ್ದರೆ ಮಳೆಯ ನೀರು ಒಳಗೆ ಇಳಿದು ಮಣ್ಣು ಕಳಚುತ್ತದೆ.

1974ರ ಜೂನಿನಲ್ಲಿ ನೋಡಲೆಂದು ಹೋಗಿ ಬಾಗಿಲ ಬಳಿ ನಿಂತಿದ್ದ ಅಮ್ಮನಿಗೆ, ಕೆಲಸದ ಉಸ್ತುವಾರಿ ನೋಡುತ್ತಿದ್ದ ಹಿರಿಯ ಹೆಂಗಸು ತಲೆ ಎತ್ತದೆಯೇ ಒಂದು ಬಟ್ಟಲು ಎಸಳನ್ನು ದೂಡಿ, ಕೆಳಗಿನ ಎಡಮೂಲೆ ನಿನ್ನದು, ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತಾ ಬಾ ಎಂದಳು. ಹೆಂಚು ಹೊದಿಸಿದ ಹಾಗೆ ಎಂದು ಅಮ್ಮ ನನಗೆ ಕನ್ನಡದಲ್ಲಿ ಹೇಳಿದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಆ ಹಿರಿಯ ಹೆಂಗಸು ಮೊದಲ ಸಲ ತಲೆಯೆತ್ತಿ ಅಮ್ಮನ ಮುಖ ನೋಡಿದಳು. ಆ ರಾತ್ರಿ ಅವರು ಹನ್ನೊಂದರವರೆಗೂ ಕುಳಿತಿದ್ದರು. ಅಲ್ಲಿಂದ ಮುಂದೆ ಐವತ್ತು ವರ್ಷ, ಎರಡು ಬಾಣಂತನಗಳಿಗೆಂದು ಭಾರತಕ್ಕೆ ಬಂದಾಗ ಮತ್ತು ಕೊರೋನಾ ಕಾಲದಲ್ಲಿ ಬಿಟ್ಟರೆ, ಆ ಹಲಗೆಯ ಎಡಮೂಲೆ ಅಮ್ಮನದೇ ಆಗಿತ್ತು. ಮಧ್ಯದ ಚಿತ್ರಕ್ಕೆ ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಬಯಸಲಿಲ್ಲ. ಮೂಲೆ ಕಿತ್ತರೆ ಚಿತ್ರವೇ ಕಿತ್ತುಬರುತ್ತದೆ ಎನ್ನುವುದು ಅವಳ ಹೆಮ್ಮೆಯ ಮಾತಾಗಿತ್ತು.

ಇನ್ನೊಂದು ದಿನವನ್ನು ಬರೆಯದೆ ಬಿಡಲಾರೆ. 1976ರ ಬೇಸಿಗೆ ಇಂಗ್ಲೆಂಡಿನವರು ಇಂದಿಗೂ ಮಾತಾಡಿಕೊಳ್ಳುವ ಬೇಸಿಗೆ. ಜೂನ್ 23ರಿಂದ ಜುಲೈ 7ರವರೆಗೆ ಹದಿನೈದು ದಿನ ಆ ದೇಶದ ಒಂದಲ್ಲ ಒಂದು ಕಡೆ 32 ಡಿಗ್ರಿ ದಾಟಿತ್ತು. ನಮ್ಮ ಕಡೆಯವರಿಗೆ ಇದು ನಗು ತರಿಸಬಹುದು, ಆದರೆ ಹುಲ್ಲೆಲ್ಲ ಕಂದಿ, ದನಗಳಿಗೆ ಮೇವಿಲ್ಲದೆ ರೈತರು ಕಂಗೆಟ್ಟಿದ್ದು ನಿಜ. ಬರಕ್ಕೆಂದೇ ಸರ್ಕಾರ ಡೆನಿಸ್ ಹೊವೆಲ್ ಎಂಬ ಮಂತ್ರಿಗೆ ಹೊಣೆ ವಹಿಸಿತು. ಅವರಿಗೆ ಹೊಣೆ ಬಂದ ಕೆಲವೇ ದಿನಗಳಲ್ಲಿ ಮಳೆ ಹುಯ್ದು ಎಲ್ಲರೂ ನಕ್ಕರು. ಅದಕ್ಕೆ ಮುಂಚೆ, ಆಗಸ್ಟಿನ ಒಂದು ಭಾನುವಾರ, ಎದುರುಮನೆಯವರು ತಮ್ಮ ಕಾರಿನಲ್ಲಿ ನಮ್ಮನ್ನು ಲೇಡಿಬೋವರ್ ಜಲಾಶಯಕ್ಕೆ ಕರೆದೊಯ್ದರು. 1940ರ ದಶಕದಲ್ಲಿ ಆ ಜಲಾಶಯ ತುಂಬಿದಾಗ ಡರ್ವೆಂಟ್ ಮತ್ತು ಆಶಾಪ್ಟನ್ ಎಂಬ ಎರಡು ಹಳ್ಳಿಗಳು ಮುಳುಗಿದ್ದವು. ಡರ್ವೆಂಟಿನ ಸ್ಮಶಾನದಲ್ಲಿದ್ದವರನ್ನು ತೆಗೆದು ಬ್ಯಾಮ್‌ಫರ್ಡಿನಲ್ಲಿ ಮತ್ತೆ ಹೂಳಿದ್ದರು. ಹಳೆಯ ಕಲ್ಲುಸೇತುವೆಯನ್ನು ಒಂದೊಂದೇ ಕಲ್ಲಾಗಿ ಬಿಚ್ಚಿ ಮೇಲೆ ಬೇರೆ ಕಡೆ ಕಟ್ಟಿದ್ದರು. ಚರ್ಚಿನ ಗೋಪುರವನ್ನು ಮಾತ್ರ ನೀರಿನ ನಡುವೆ ಹಾಗೆಯೇ ಉಳಿಸಿ, 1947ರಲ್ಲಿ ಅಪಾಯವೆಂದು ಸಿಡಿಸಿ ಬೀಳಿಸಿದ್ದರು. ಆ ವರ್ಷದ ಬರದಲ್ಲಿ ನೀರು ಇಳಿದು, ಬಿರುಕುಬಿಟ್ಟ ಕೆಸರಿನ ಮೇಲೆ ಮನೆಗಳ ತಳಪಾಯಗಳು, ಗೋಡೆಯ ಮೋಟುಗಳು ಎದ್ದಿದ್ದವು. ಜನ ಜಾತ್ರೆಯಂತೆ ನೋಡಲು ಬಂದಿದ್ದರು.

ಅಮ್ಮನ ತವರು ಸಾಗರ ತಾಲ್ಲೂಕಿನಲ್ಲಿ ಶರಾವತಿಯ ದಡದಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಮನೆ, ಅಡಿಕೆ ತೋಟ, ಬಾವಿ ಎಲ್ಲವೂ ನೀರಿಗೆ ಹೋದವು. ಅಜ್ಜನ ಸಂಸಾರ ಶಿವಮೊಗ್ಗದ ಹತ್ತಿರ ಸಿಕ್ಕಿದ ಒಣಭೂಮಿಗೆ ಬಂದು ನೆಲೆಸಿತು. ಅವಳಿಗೆ ಮದುವೆಯಾಗಿ ಆಗಿನ್ನೂ ವರ್ಷ ತುಂಬಿತ್ತಷ್ಟೆ; ಮುಳುಗುವುದನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಲೇಡಿಬೋವರಿನ ದಡದಲ್ಲಿ ನಿಂತು ಆ ತಳಪಾಯಗಳನ್ನು ನೋಡಿದ ಅವಳು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದುಬಿಟ್ಟಳು. ಎದುರುಮನೆಯಾಕೆ ಏನು ಎತ್ತ ಎಂದು ಕೇಳಲಿಲ್ಲ, ತನ್ನ ಬೂಟು ಕಳಚಿ ಜೊತೆಗೆ ಇಳಿದಳು. ಇಬ್ಬರೂ ಒಂದು ಮನೆಯ ಹೊಸಿಲು ಇದ್ದಿರಬಹುದಾದ ಕಲ್ಲಿನ ಹತ್ತಿರ ಬಹಳ ಹೊತ್ತು ನಿಂತಿದ್ದರು. ಅಮ್ಮನಿಗೆ ಆಗ ಬರುತ್ತಿದ್ದ ಇಂಗ್ಲಿಷಿನಲ್ಲಿ ಅವಳು ಎಷ್ಟು ಹೇಳಿದಳೋ ನನಗೆ ಗೊತ್ತಿಲ್ಲ. ಆದರೆ ಆ ವಾರ ಊರಿನ ಅಂಗಡಿಯಲ್ಲಿ, ಚರ್ಚಿನಲ್ಲಿ, ಎಲ್ಲರಿಗೂ ಗೊತ್ತಾಗಿತ್ತು. ಅಂಚೆ ಕಚೇರಿಯಲ್ಲಿ ಒಬ್ಬ ಅಜ್ಜ, ಆಶಾಪ್ಟನ್ನಿನಲ್ಲಿ ಹುಟ್ಟಿದವನು, ಅಮ್ಮನ ಮುಂದೆ ಟೋಪಿ ತೆಗೆದು, ನಿಮ್ಮ ಊರಿನ ಹೆಸರೇನು ಎಂದು ಕೇಳಿ, ತಪ್ಪುತಪ್ಪಾಗಿ ಎರಡು ಸಲ ಹೇಳಿ ಕಲಿತುಕೊಂಡ.

ಎಲ್ಲರೂ ಹಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಶಾಲೆಯ ಬಸ್ಸಿನಲ್ಲಿ ನನ್ನ ಬಣ್ಣವನ್ನು ಆಡಿಕೊಂಡ ಹುಡುಗರಿದ್ದರು. ಎರಡು ವರ್ಷ ನಾನು ಮುಂದಿನ ಸೀಟು ಬಿಟ್ಟು ಕೂರಲಿಲ್ಲ. ಅಪ್ಪನ ಹತ್ತಿರ ಬರಲೊಪ್ಪದ ಒಬ್ಬ ಮನುಷ್ಯ, ಹೆಂಡತಿಗೆ ಕಾಯಿಲೆಯಾದಾಗ ಅವಳನ್ನು ಒಳಗೆ ಕಳಿಸಿ ತಾನು ಹೊರಗೆ ವ್ಯಾನಿನಲ್ಲೇ ಕುಳಿತಿರುತ್ತಿದ್ದ. ಇಪ್ಪತ್ತು ವರ್ಷವಾದರೂ ಅವನು ವ್ಯಾನಿನಿಂದ ಇಳಿಯಲಿಲ್ಲ. ಅವನಿಗೆ ನನ್ನ ಕೃತಜ್ಞತೆ ಇಲ್ಲ.

1983ರಲ್ಲಿ ಓದಲೆಂದು ನಾನು ಮೈಸೂರಿಗೆ ಬಂದು, ಮದುವೆಯಾಗಿ, ಕೆಲಸ ಹಿಡಿದು ಇಲ್ಲಿಯವಳಾದೆ. ತಮ್ಮ ಕೆನಡಾ ಸೇರಿದ. ಅಪ್ಪ 2009ರಲ್ಲಿ ತೀರಿಕೊಂಡಾಗ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದೆವು. ಏಪ್ರಿಲ್ ಕಳೆಯುವಷ್ಟರಲ್ಲಿ ಅವಳು ಹಲಗೆ ನೆನೆಹಾಕುವ ದಿನವನ್ನು ಎಣಿಸಲು ಶುರುಮಾಡಿದಳು, ಮೇ ಕೊನೆಗೆ ಹೊರಟೇಬಿಟ್ಟಳು. ಮಗಳು ಇದ್ದೂ ತಾಯಿಯನ್ನು ಒಬ್ಬಳೇ ಬಿಟ್ಟಳು ಎಂಬ ಮಾತು ನನ್ನ ಬೆನ್ನಿಗೆ ಬಿದ್ದದ್ದು ಅಲ್ಲಿಂದ.

2024ರ ನವೆಂಬರಿನ ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಂಬುಲೆನ್ಸ್ ಬರಲು ಸುಮಾರು ಮೂರು ಗಂಟೆ ಹಿಡಿಯಿತು. ಅಲ್ಲಾಡಿಸಬೇಡಿ ಎಂದು ಫೋನಿನಲ್ಲಿ ಹೇಳಿದ್ದರಿಂದ, ಎದುರುಮನೆಯಾಕೆ (1976ರಲ್ಲಿ ಬೂಟು ಕಳಚಿದವಳ ಮಗಳು, ನನ್ನ ಸಹಪಾಠಿ) ತನ್ನ ಮನೆಯ ರಜಾಯಿ ತಂದು ಅಮ್ಮನಿಗೆ ಹೊದಿಸಿ, ತಾನೂ ಪಕ್ಕದಲ್ಲಿ ಆ ತಣ್ಣನೆಯ ಕಲ್ಲುನೆಲದ ಮೇಲೆ ಮಲಗಿಕೊಂಡಳು. ಮುಂದಿನ ಜೂನಿನ ಹಲಗೆಗೆ ಯಾವ ಚಿತ್ರ ಎಂಬ ಬಗ್ಗೆ ಇಬ್ಬರೂ ಆ ಮೂರು ಗಂಟೆ ಜಗಳವಾಡಿದರಂತೆ. ಅಮ್ಮನಿಗೆ ನಿದ್ದೆ ಬರಬಾರದೆಂದು ತಾನು ಬೇಕೆಂದೇ ತಪ್ಪು ವಾದ ಮಾಡಿದೆ ಎಂದು ಅವಳು ನನಗೆ ಆಮೇಲೆ ಹೇಳಿದಳು. ಅವಳ ವಾದವೆಲ್ಲ ಶುದ್ಧ ತಪ್ಪು ಎಂದು ಅಮ್ಮ ಹೇಳಿದ್ದಳು.

ನಾನು ಟಿಕೆಟ್ ಹೊಂದಿಸಿ ತಲುಪುವುದಕ್ಕೆ ಹನ್ನೊಂದು ದಿನವಾಯಿತು. ಆ ಹನ್ನೊಂದು ದಿನವೂ ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರ ಊರಿನವರೊಬ್ಬರು ಇದ್ದೇ ಇದ್ದರು. ಸರದಿಯ ಪಟ್ಟಿ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿತ್ತು. ಆ ಪಟ್ಟಿಯಲ್ಲಿದ್ದ ಹದಿನಾಲ್ಕು ಮಂದಿಗೆ, ಚಳಿಗಾಲವಿಡೀ ದಿನಕ್ಕೆರಡು ಸಲ ಬಂದು ಹೋಗುತ್ತಿದ್ದ ನರ್ಸುಗಳಿಗೆ, ಮೆಟ್ಟಿಲಿನ ಹಿಮ ಗುಡಿಸಿ ಉಪ್ಪು ಎರಚಿ ಹೇಳದೆ ಹೋಗುತ್ತಿದ್ದ ಯಾರಿಗೋ, ಡರ್ಬಿ ಮತ್ತು ಶೆಫೀಲ್ಡಿನಿಂದ ಸಾರಿನ ಪುಡಿ, ಹಪ್ಪಳ, ವಾರಪತ್ರಿಕೆಗಳನ್ನು ಹೊತ್ತು ತಂದ ಕನ್ನಡದ ಗೆಳೆಯ ಗೆಳತಿಯರಿಗೆ ನಾನು ಋಣಿ. ಓಟ್ಸಿನ ಹಿಟ್ಟನ್ನು ರಾತ್ರಿಯಿಡೀ ಹುದುಗಿಸಿ ಕಾವಲಿಯ ಮೇಲೆ ಹುಯ್ಯುವ ಆ ಸೀಮೆಯ ಓಟ್‌ಕೇಕನ್ನು ಅಮ್ಮ "ಉದ್ದಿಲ್ಲದ ದೋಸೆ" ಎಂದು ಹಾಸ್ಯ ಮಾಡುತ್ತಿದ್ದಳು. ಗಂಟಲಲ್ಲಿ ಅನ್ನ ಇಳಿಯದ ಕೊನೆಯ ವಾರಗಳಲ್ಲಿ ಅವಳು ತಿಂದದ್ದು ಅದನ್ನೇ, ಹಾಲಿನಲ್ಲಿ ನೆನೆಸಿ. ಅದನ್ನು ಬಿಸಿಬಿಸಿಯಾಗಿ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ ಎಪ್ಪತ್ತೆಂಟು ವರ್ಷದ ಅಜ್ಜನಿಗೆ ವಿಶೇಷವಾಗಿ.

2025ರ ಜೂನಿನಲ್ಲಿ ಅಮ್ಮ ಹಾಸಿಗೆ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಹಲಗೆಯವರು ಆ ಸಲ ಎಡಮೂಲೆಯನ್ನು ಬೇರೆಯೇ ತುಂಡಾಗಿ ಗರಗಸದಿಂದ ಕೊಯ್ಸಿದ್ದರು. ಮಣ್ಣು ಮೆತ್ತಿ, ಚುಕ್ಕೆ ಚುಚ್ಚಿ, ಒದ್ದೆ ಬಟ್ಟೆ ಮುಚ್ಚಿ ಅದನ್ನು ನಾಲ್ಕು ಜನ ಮಹಡಿಗೆ ಹೊತ್ತು ತಂದು, ಊಟದ ತಟ್ಟೆಯ ಮೇಜಿನ ಮೇಲೆ ಅವಳ ಎದುರಿಗಿಟ್ಟರು. ಪಕ್ಕದಲ್ಲಿ ಒಂದು ಬಟ್ಟಲು ನೀಲಿ ಹೈಡ್ರೇಂಜಿಯಾ ಎಸಳು. ಕೈ ನಡುಗುತ್ತಿದ್ದರಿಂದ ಒಂದು ಎಸಳು ಕೂರಿಸಲು ಒಂದೊಂದು ನಿಮಿಷ ಹಿಡಿಯುತ್ತಿತ್ತು. ಸಹಾಯಕ್ಕೆ ಹೋದ ನನ್ನ ಕೈಯನ್ನು ಅವಳು ತಳ್ಳಿದಳು. ಎರಡು ದಿನದಲ್ಲಿ ಅಂಗೈಯಗಲ ಮುಗಿಯಿತು. ಉಳಿದದ್ದನ್ನು, ಅವಳು ಮಲಗಿದ ಮೇಲೆ, ನಾನೂ ನನ್ನ ಸಹಪಾಠಿಯೂ ತುಂಬಿದೆವು. ಬಾವಿಯ ಬಳಿ ನಿಲ್ಲಿಸಿದ ಮೇಲೆ ಫೋಟೋ ತೋರಿಸಿದಾಗ ಅವಳು ನೇರವಾಗಿ ನಾವು ಮಾಡಿದ ಭಾಗದ ಮೇಲೆ ಬೆರಳಿಟ್ಟು, ಇಲ್ಲಿ ನೀರು ಇಳಿಯುತ್ತದೆ ಎಂದಳು.

ಅಸ್ಥಿಯನ್ನು ಸೆಪ್ಟೆಂಬರಿನಲ್ಲಿ ಶರಾವತಿಯ ಹಿನ್ನೀರಿಗೆ ಬಿಟ್ಟೆವು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವ ಕಾಲ ಮುಗಿದಿತ್ತು, ಜುಲೈಯಲ್ಲಷ್ಟೇ ತೆರೆದ ಸಿಗಂದೂರಿನ ಸೇತುವೆಯ ಮೇಲೆ ಹೋಗಿ, ಆಚೆಯ ದಡದಲ್ಲಿ ಇಳಿದೆವು. ನನ್ನ ಸಹಪಾಠಿ ಡರ್ಬಿಷೈರಿನಿಂದ ನನ್ನೊಡನೆ ಬಂದಿದ್ದಳು. ಯಾರೂ ಹೇಳದೆ ಅವಳು ಬೂಟು ಕಳಚಿ ನೀರಿಗೆ ಇಳಿದಳು. ಅವಳ ಮಡಿಲಲ್ಲಿ ನಮ್ಮ ಹಿತ್ತಲಿನ ಒಣಗಿದ ಹೈಡ್ರೇಂಜಿಯಾ ಇತ್ತು. ಅದನ್ನು ನೀರಿನ ಮೇಲೆ ಬಿಟ್ಟು, ಅಂಚೆ ಕಚೇರಿಯ ಆ ಅಜ್ಜ ಕಲಿಸಿದ್ದಂತೆಯೇ ತಪ್ಪಾಗಿ, ಅಮ್ಮನ ಊರಿನ ಹೆಸರನ್ನು ಎರಡು ಸಲ ಹೇಳಿದಳು. ನಮ್ಮವರು ಯಾರೂ ಇಲ್ಲದ ಊರು ಎಂದವರು ಅಂದು ದಡದಲ್ಲಿ ನಿಂತಿದ್ದರು. ಅವರ ಮೇಲೆ ನನಗೆ ಬೇಸರವಿಲ್ಲ, ಅವರಲ್ಲಿ ಒಬ್ಬರು, ನನ್ನ ಸೋದರತ್ತೆ, ಆಕೆಯ ಒದ್ದೆಯಾದ ಕಾಲನ್ನು ತಮ್ಮ ಸೆರಗಿನಿಂದ ಒರೆಸಿದರು.

ಹೋದ ಸೋಮವಾರ ಹಲಗೆಯವರಿಂದ ಒಂದು ಪತ್ರ ಬಂದಿದೆ. ಸಂತಾಪದ್ದಲ್ಲ. ಈ ಜೂನಿನ ಕೆಲಸ ಹಂಚುತ್ತಿದ್ದಾರಂತೆ. ಕೆಳಗಿನ ಎಡಮೂಲೆ ಖಾಲಿಯಿದೆ, ಕಳೆದ ವರ್ಷ ನೀರು ಇಳಿದದ್ದು ನಿಮ್ಮ ಭಾಗದಿಂದಲೇ, ಬಂದು ಸರಿಯಾಗಿ ಕಲಿತುಕೊಳ್ಳುವಿರೋ ಹೇಗೆ ಎಂದು ಕೇಳಿದ್ದಾರೆ. ಮೇ 28ಕ್ಕೆ ಟಿಕೆಟ್ ಮಾಡಿಸಿದ್ದೇನೆ. ಎರಡು ಬಾಟಲಿ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಿ ಉಪ್ಪಿನಲ್ಲಿ ಹಾಕಿಟ್ಟಿದೆ.